ಶುಗರ್‌ಗೆ ಇರುವ ಹಾಗೆ ಕೊಲೆಸ್ಟ್ರಾಲ್‌ಗೂ ಅಗ್ಗದ ಸ್ಟ್ರಿಪ್ ಯಾಕಿಲ್ಲ?

ಪ್ರಶ್ನೆ: ಅಪ್ಪನ ಶುಗರ್ ಮನೆಯಲ್ಲೇ ನೋಡ್ತೇವೆ. ಒಂದು ಹನಿ ರಕ್ತ ಸಾಕು. ಕೊಲೆಸ್ಟ್ರಾಲ್‌ಗೆ ಮಾತ್ರ ಲ್ಯಾಬಿಗೇ ಹೋಗಬೇಕು. ಯಾಕೆ ಹೀಗೆ?

ಉತ್ತರ: ರಕ್ತದ ಕೊಬ್ಬು ನೋಡುವ ಮೀಟರ್‌ಗಳು ಇವೆ. ಆದರೆ ಅವುಗಳ ಸ್ಟ್ರಿಪ್‌ಗೆ ದುಡ್ಡು ಜಾಸ್ತಿ. ಪ್ರಿಂಟ್ ಮಾಡುವ ಖರ್ಚಿನಿಂದ ಹೀಗಾಗಿಲ್ಲ, ಕೊಬ್ಬೇ ಸುಲಭಕ್ಕೆ ಕೈಗೆ ಸಿಗುವುದಿಲ್ಲ.

ಮೊದಲು ಶುಗರ್ ಸ್ಟ್ರಿಪ್ಪನ್ನೇ ಹತ್ತಿರದಿಂದ ನೋಡಿ. ಎಷ್ಟೋ ಸ್ಟ್ರಿಪ್‌ಗಳ ಮೇಲೆ ಕಪ್ಪು ಗೆರೆಗಳಿರುತ್ತವೆ. ಅದು ಕಾರ್ಬನ್ ಇಂಕು. ಲಗ್ನಪತ್ರಿಕೆ ಪ್ರಿಂಟ್ ಮಾಡುವ ಹಾಗೆಯೇ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾವಿರಗಟ್ಟಲೆ ಹೊಡೆಯುತ್ತಾರೆ. ಅದರ ಮೇಲೆ ಒಂದು ಕಿಣ್ವದ (ಎನ್‌ಜೈಮ್) ಲೇಪ. ಗ್ಲುಕೋಸ್ ನೀರಿನಲ್ಲಿ ಕರಗಿಯೇ ಇರುತ್ತದೆ, ನೇರವಾಗಿ ಕಿಣ್ವಕ್ಕೆ ಸಿಗುತ್ತದೆ. ಅಲ್ಲಿ ಹುಟ್ಟುವ ಸಣ್ಣ ಕರೆಂಟನ್ನು ಮೀಟರ್ ಅಳೆಯುತ್ತದೆ. ಇಂಥ ಮೀಟರ್ 1987ರಲ್ಲೇ ಪೆನ್ನಿನ ರೂಪದಲ್ಲಿ ಮಾರುಕಟ್ಟೆಗೆ ಬಂತು.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ಪ್ರೋಟೀನ್ ಹೊದಿಕೆಯ ಸಣ್ಣ ಸಣ್ಣ ಕಣಗಳೊಳಗೆ ಕೂತು ರಕ್ತದಲ್ಲಿ ಓಡಾಡುತ್ತದೆ. ಹಾಗಾಗಿ ಸ್ಟ್ರಿಪ್ ಮೇಲೆ ಮೊದಲು ಸೋಪಿನಂಥ ರಾಸಾಯನಿಕ ಇಟ್ಟು ಆ ಕಣಗಳನ್ನು ಬಿಡಿಸಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಮೂರರಲ್ಲಿ ಎರಡು ಪಾಲು ಕೊಲೆಸ್ಟ್ರಾಲ್ ಕೊಬ್ಬಿನ ಆಮ್ಲಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಕತ್ತರಿಸಲು ಒಂದು ಕಿಣ್ವ, ಆಮೇಲೆ ಆಕ್ಸಿಡೀಕರಣಕ್ಕೆ ಇನ್ನೊಂದು. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದೆ. ಕರೆಂಟ್ ಆಗಿ ಅಳೆಯುವುದು ಅದನ್ನು.

ಅಲ್ಲೂ ತೊಡಕಿದೆ. ಪೆರಾಕ್ಸೈಡ್ ಹಿಡಿಯಲು ಜಾಸ್ತಿ ವೋಲ್ಟೇಜ್ ಕೊಟ್ಟರೆ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಮ್ಲ, ನುಂಗಿದ ಪ್ಯಾರಸಿಟಮಾಲ್ ಕೂಡ ಕರೆಂಟ್ ಕೊಡುತ್ತವೆ. ಲೆಕ್ಕ ತಪ್ಪುತ್ತದೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ, ಆಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ ಟೋನಿ ಕಿಲ್ಲಾರ್ಡ್ ಅವರ ತಂಡ ಹಿಡಿದ ದಾರಿ ನನಗೆ ತುಂಬಾ ಇಷ್ಟ. ಪ್ರಿಂಟ್ ಮಾಡಿದ ಬೆಳ್ಳಿ ಇಂಕಿಗೆ ಸೋಪಿನಂಥ ರಾಸಾಯನಿಕ ಮತ್ತು ಉಪ್ಪಿನ ದ್ರಾವಣ ಹಚ್ಚಿದರು. ಕಡಿಮೆ ವೋಲ್ಟೇಜಿನಲ್ಲೇ ಪೆರಾಕ್ಸೈಡ್ ಚೆನ್ನಾಗಿ ಸಿಕ್ಕಿತು. ಪ್ಲಾಟಿನಂನಂಥ ದುಬಾರಿ ಲೋಹ ಬೇಕಾಗಲಿಲ್ಲ.

ಇನ್ನು ಒಟ್ಟು ಕೊಲೆಸ್ಟ್ರಾಲ್ ಒಂದೇ ಗೊತ್ತಾದರೆ ಡಾಕ್ಟರ್‌ಗೆ ಸಾಲದು. ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್), ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಬಗೆಯ ಕೊಬ್ಬು) ಕೂಡ ಬೇಕು. ಒಂದೊಂದಕ್ಕೂ ಬೇರೆ ಲೇಪ, ಟ್ರೈಗ್ಲಿಸರೈಡ್‌ಗೆ ಕಿಣ್ವಗಳೂ ಬೇರೆ. ‘ಕೆಟ್ಟ’ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ಲನ್ನು ಎಷ್ಟೋ ಕಡೆ ಇವುಗಳಿಂದ ಲೆಕ್ಕ ಹಾಕುತ್ತಾರೆ: ಒಟ್ಟು ಸಂಖ್ಯೆಯಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. 1972ರ ಈ ಸೂತ್ರ ಟ್ರೈಗ್ಲಿಸರೈಡ್ 400 mg/dL ದಾಟಿದರೆ ನಡೆಯುವುದಿಲ್ಲ. ಮೂರು ಅಳತೆಯಲ್ಲಿ ಆಗುವ ಸಣ್ಣ ಸಣ್ಣ ತಪ್ಪೆಲ್ಲ ಎಲ್‌ಡಿಎಲ್ಲಿಗೆ ಬಂದು ಸೇರುತ್ತದೆ, ಅಲ್ವಾ?

ವ್ಯಾಪಾರದ ಲೆಕ್ಕವೂ ಇದೆ. ಶುಗರ್ ಇರುವವರು ದಿನಾ ಸ್ಟ್ರಿಪ್ ಬಳಸುತ್ತಾರೆ, ಅದಕ್ಕೇ ಬೆಲೆ ಇಳಿಯಿತು. ಕೊಲೆಸ್ಟ್ರಾಲ್ ದಿನಾ ನೋಡುವಂಥದ್ದಲ್ಲ. ಮಾತ್ರೆ ಶುರು ಮಾಡಿದರೂ ಮತ್ತೆ ನೋಡುವುದು 4ರಿಂದ 12 ವಾರದ ಮೇಲೆ. ಹಾಗಾಗಿ ಅಗ್ಗದ ಸ್ಟ್ರಿಪ್ ನಿಮ್ಮ ಮನೆಗಿಂತ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಲ್ಯಾಬ್ ದೂರ ಇರುವವರಿಗೆ ಹೃದಯಾಘಾತವೇ ಮೊದಲ ಸುಳಿವು ಆಗಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿ, ಕೈಯಲ್ಲಿ ಹಿಡಿಯುವ ಒಂದೇ ಮೀಟರ್‌ನಲ್ಲಿ ಶುಗರ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್), ಹಿಮೋಗ್ಲೋಬಿನ್ ನೋಡುವ ಸ್ಟ್ರಿಪ್‌ಗಳನ್ನು ಮಾಡಿದೆ. ಅಂಥ ಕೆಲಸ ಕೊಬ್ಬಿನ ವಿಷಯದಲ್ಲೂ ಆಗಲಿ.

ಸದ್ಯಕ್ಕೆ ಅಪ್ಪನಿಗೆ ಲ್ಯಾಬಿನ ಲಿಪಿಡ್ ಪ್ರೊಫೈಲೇ (ಈ ಎಲ್ಲ ಕೊಬ್ಬುಗಳ ರಕ್ತಪರೀಕ್ಷೆ) ಮಾಡಿಸಿ. ಎಲ್ಲಾದರೂ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದರೆ, ಮೊದಲು ಕೈ ಸೋಪು ಹಾಕಿ ತೊಳೆದು ಒರೆಸಿಕೊಳ್ಳಲಿ. ಟ್ರೈಗ್ಲಿಸರೈಡ್ ಅಳೆಯುವ ಸ್ಟ್ರಿಪ್ ಅದನ್ನು ಒಡೆದು ಗ್ಲಿಸರಿನ್ ಎಷ್ಟಿದೆ ಅಂತ ನೋಡುತ್ತದೆ. ಕೈಗೆ ಹಚ್ಚಿದ ಕ್ರೀಮಿನಲ್ಲೂ ಗ್ಲಿಸರಿನ್ ಇರುತ್ತದೆ. ತೊಳೆಯದಿದ್ದರೆ ಸುಮ್ನೆ ಸಂಖ್ಯೆ ಏರಿ ಮನೆಯವರೆಲ್ಲ ಗಾಬರಿ ಆಗುತ್ತೀರಿ.