ಹಬೆಯಿಂದ ನೆಬ್ಯುಲೈಜರ್‌ವರೆಗೆ: ಉಸಿರಿಗೆ ತೇವ, ಉಸಿರಲ್ಲಿ ಔಷಧ

ಕಫ ಕಟ್ಟಿದರೆ ಹಬೆ ತಗೋ ಅನ್ನೋದು ಬಹಳ ಹಳೇ ಸಲಹೆ. ಗಾಳಿಯನ್ನು ತೇವ ಮಾಡುವುದು, ಗಾಳಿಯಲ್ಲಿ ಔಷಧ ಕಳಿಸುವುದು, ಎರಡೂ ಒಂದೇ ಅಂತ ವೈದ್ಯರೂ ತುಂಬಾ ಕಾಲ ನಂಬಿದ್ದರು. ಇವೆರಡು ಬೇರೆ ಬೇರೆ ಕೆಲಸ ಅಂತ ಗೊತ್ತಾಗಲು ಇನ್ನೂರು ವರ್ಷ ಬೇಕಾಯಿತು.

1778ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಮಡ್ಜ್ ಬಿಯರ್ ಕುಡಿಯುವ ತವರದ ಮಗ್ಗನ್ನೇ ಇನ್‌ಹೇಲರ್ ಮಾಡಿದ. ಮುಚ್ಚಳಕ್ಕೆ ಒಂದು ಕೊಳವೆ, ಟೊಳ್ಳು ಹಿಡಿಯಲ್ಲಿ ತೂತುಗಳು. ರೋಗಿ ಕೊಳವೆಯಿಂದ ಉಸಿರೆಳೆದರೆ ಹೊರಗಿನ ಗಾಳಿ ಹಿಡಿಯ ಮೂಲಕ ಒಳಬಂದು, ಬಿಸಿನೀರಲ್ಲಿ ಗುಳುಗುಳು ಎಂದು ಹಾದು ಬಾಯಿಗೆ ಸೇರುತ್ತಿತ್ತು. ಸರಳ, ಆದರೆ ಜಾಣ ಉಪಾಯ. 1858ರಲ್ಲಿ ಫ್ರಾನ್ಸಿನ ವೈದ್ಯ ಸಾಲ್-ಜಿರೋನ್ ಕೈಪಂಪಿನಿಂದ ದ್ರವವನ್ನೇ ತುಂತುರು ಮಾಡುವ ಯಂತ್ರ ತಂದ. ಇನ್ನು ಬಿಸಿ ಮಾಡುವ ಅಗತ್ಯವೇ ಇರಲಿಲ್ಲ.

ತೇವದ ಬೆಲೆ ಎಷ್ಟು ಅಂತ ಸರಿಯಾಗಿ ತಿಳಿದದ್ದು ಮೂಗನ್ನು ಬಿಟ್ಟು ಉಸಿರು ಕೊಡಲು ಶುರು ಮಾಡಿದ ಮೇಲೆ. 1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್‌ನ ವೈದ್ಯ ಬ್ಯೋರ್ನ್ ಇಬ್ಸೆನ್ ಉಸಿರಾಡಲಾಗದ ರೋಗಿಗಳ ಕತ್ತಿನಲ್ಲಿ ತೂತು ಮಾಡಿಸಿ, ಶ್ವಾಸನಾಳಕ್ಕೆ ಕೊಳವೆ ಹಾಕಿಸಿದ. ಸುಮಾರು 1,500 ವಿದ್ಯಾರ್ಥಿಗಳು ಸರದಿಯಲ್ಲಿ ಕೂತು ಕೈಯಾರೆ ಚೀಲ ಒತ್ತಿ ಉಸಿರು ಕೊಟ್ಟರು. ಸಾಮಾನ್ಯವಾಗಿ ಗಾಳಿ ಶ್ವಾಸಕೋಶ ಸೇರುವಷ್ಟರಲ್ಲಿ 37 ಡಿಗ್ರಿಗೆ ಬೆಚ್ಚಗಾಗಿ, ಲೀಟರಿಗೆ 44 ಮಿಲಿಗ್ರಾಂ ನೀರಾವಿ ಹೊತ್ತಿರುತ್ತದೆ. ಸಾಧಾರಣ ಕೋಣೆಯ ಗಾಳಿಯಲ್ಲಿ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮೂಗು-ಗಂಟಲದ್ದು. ಸಿಲಿಂಡರಿನ ಆಮ್ಲಜನಕವಂತೂ ಪೂರ್ತಿ ಒಣ. ಮೂಗನ್ನು ತಪ್ಪಿಸಿ ಅದನ್ನೇ ನೇರ ಕಳಿಸಿದರೆ ಕಫ ಅಂಟಾಗುತ್ತದೆ, ಅದನ್ನು ಮೇಲೆ ತಳ್ಳುವ ಸೂಕ್ಷ್ಮ ರೋಮಗಳು ನಿಧಾನವಾಗುತ್ತವೆ, ಕೊನೆಗೆ ಕೊಳವೆಯೇ ಕಟ್ಟಿಕೊಳ್ಳಬಹುದು. ಹಾಗಾಗಿ ಕೊಳವೆ ಮೂಲಕ ಯಂತ್ರದಿಂದ (ವೆಂಟಿಲೇಟರ್) ಉಸಿರು ಕೊಡುವಾಗ ಗಾಳಿಯನ್ನು ತೇವ ಮಾಡುವ ಸಾಧನ, ಅಂದರೆ ಹ್ಯುಮಿಡಿಫೈಯರ್, ಈಗ ಕಡ್ಡಾಯ.

ಔಷಧದ ದಾರಿ ಬೇರೆ. 1956ರಲ್ಲಿ ರೈಕರ್ ಕಂಪನಿ ಒತ್ತಿದರೆ ಅಳತೆಯಷ್ಟೇ ಔಷಧ ಚಿಮ್ಮುವ ಇನ್‌ಹೇಲರ್ ತಂದಿತು. ಕಂಪನಿಯ ಮುಖ್ಯಸ್ಥರ ಮಗಳಿಗೆ ಆಸ್ತಮಾ, ಅವಳು ಕೇಳಿದ ಪ್ರಶ್ನೆಯೇ ಇದಕ್ಕೆ ಮೂಲ ಎಂಬ ಕಥೆ ಪ್ರಸಿದ್ಧ. ಇಲ್ಲಿ ಲೆಕ್ಕಕ್ಕೆ ಬರೋದು ಹನಿಯ ಗಾತ್ರ. 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೆ ಒಳಗೆ ತಲುಪುತ್ತದೆ. ದಪ್ಪ ಹನಿ ಗಂಟಲಿಗೇ ಬಡಿದು ನಿಲ್ಲುತ್ತದೆ. ತೀರಾ ಸಣ್ಣದರಲ್ಲಿ ಬಹಳಷ್ಟು ಉಸಿರಿನ ಜೊತೆ ಹೊರಗೆ ಬರುತ್ತದೆ.

ಹಳೇ ನಂಬಿಕೆ ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಕ್ರೂಪ್ (ಗಂಟಲು-ಶ್ವಾಸನಾಳ ಊದಿ ಉಸಿರು ಕಟ್ಟುವ, ಒರಟು ಕೆಮ್ಮಿನ ಕಾಯಿಲೆ) ಬಂದ ಮಕ್ಕಳನ್ನು ದಶಕಗಳ ಕಾಲ ಮಂಜು ತುಂಬಿದ ಟೆಂಟಿನಲ್ಲಿ ಮಲಗಿಸುತ್ತಿದ್ದರು. ಅಮ್ಮನ ಮುಖ ಕಾಣದೆ ಮಗು ಅತ್ತರೆ ಉಸಿರಾಟ ಇನ್ನಷ್ಟು ಕಷ್ಟ ಅಲ್ವಾ! 2006ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ತೇವದ ಗಾಳಿಯಿಂದ ಇಂಥ ಮಕ್ಕಳಿಗೆ ವಿಶೇಷ ಲಾಭ ಕಾಣಲಿಲ್ಲ.

ಈಗ ಐಸಿಯುನಲ್ಲಿ ತೇವ, ಔಷಧ ಎರಡೂ ಒಂದಕ್ಕೊಂದು ಅಡ್ಡ ಬರುವುದೂ ಉಂಟು. ರೋಗಿ ಬಿಟ್ಟ ಉಸಿರಿನ ತೇವ ಹಿಡಿದಿಡುವ ಫಿಲ್ಟರ್ ವೆಂಟಿಲೇಟರ್ ಕೊಳವೆಯಲ್ಲೇ ಇದ್ದರೆ, ದ್ರವ ಔಷಧವನ್ನು ತುಂತುರು ಮಾಡಿ ಕಳಿಸುವ ನೆಬ್ಯುಲೈಜರ್‌ನ ಔಷಧವನ್ನೂ ಅದೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಔಷಧ ಕೊಡುವಾಗ ಅದನ್ನು ತೆಗೆದಿಡಬೇಕು, ಮುಗಿದ ಮೇಲೆ ಮರೆಯದೆ ಮತ್ತೆ ಹಾಕಬೇಕು.