ಚಳಿಗಾಲದ ಬಿಸಿಲು, ಗೋಳಗುಮ್ಮಟದ ಉದ್ಯಾನ: ಫೋಟೊ ಕಲಿಯುವವರಿಗೆ ಟಿಪ್ಪಣಿ

ವಿಜಯಪುರದಲ್ಲಿ ಬೆಳಕಿನ ಪಾಠ ಕಲಿಯೋಕೆ ಗೋಳಗುಮ್ಮಟದ ಮುಂದಿನ ಉದ್ಯಾನದಂಥ ಜಾಗ ಇನ್ನೊಂದಿಲ್ಲ. ಹಸಿರು ಹುಲ್ಲು, ಕಪ್ಪು ಕಲ್ಲು, ನೀಲಿ ಆಕಾಶ ಮೂರೂ ಒಂದೇ ಫ್ರೇಮಿನಲ್ಲಿ ಸಿಗುತ್ತವೆ.

ಕ್ಯಾಮೆರಾ ತೆಗೆಯುವ ಮೊದಲು ಸೂರ್ಯ ಎಲ್ಲಿದ್ದಾನೆ ನೋಡಿ. ನಮ್ಮ ಊರು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸು ಸೂರ್ಯ 23.4 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಎರಡನ್ನೂ ಕೂಡಿಸಿ 90ರಲ್ಲಿ ಕಳೆಯಿರಿ, ಸುಮಾರು 50 ಬರುತ್ತದೆ. ಅಂದ್ರೆ ನಡುಮಧ್ಯಾಹ್ನವೂ ಸೂರ್ಯ ಏರೋದು 50 ಡಿಗ್ರಿವರೆಗೆ ಮಾತ್ರ. ಮೇ ತಿಂಗಳಲ್ಲಿ ನೆತ್ತಿಯ ಮೇಲೆ ಬಂದು ನೆರಳನ್ನು ಕಾಲಡಿ ಸೇರಿಸುವವನು, ಈಗ ಆರಡಿ ಮನುಷ್ಯನಿಗೆ ಮಧ್ಯಾಹ್ನವೂ ಐದಡಿ ನೆರಳು ಕೊಡುತ್ತಾನೆ.

ಗುಮ್ಮಟದ ಮುಖ್ಯ ಬಾಗಿಲು ದಕ್ಷಿಣಕ್ಕಿದೆ. ಹಾಗಾಗಿ ಚಳಿಗಾಲದಲ್ಲಿ ಆ ಗೋಡೆಗೆ ದಿನವಿಡೀ ಬಿಸಿಲು. ಮಧ್ಯಾಹ್ನ ಅದು ಎದುರಿನಿಂದ ಬಡಿದು ಗೋಡೆ ಚಪ್ಪಟೆ ಕಾಣುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ಆಗ್ನೇಯದಿಂದ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಆಗ ಕಮಾನಿನ ಅಂಚು, ಮೂಲೆ ಗೋಪುರಗಳ ಏಳೂ ಅಂತಸ್ತು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ನನ್ನ ಓಟು ಬೆಳಿಗ್ಗೆಗೇ. ಮ್ಯೂಸಿಯಂ ಕಟ್ಟಡ ಅಡ್ಡ ಬರುತ್ತದೆ, ಅದನ್ನು ದಾಟಿ ನಿಲ್ಲಿ.

ಎಕ್ಸ್‌ಪೋಷರ್‌ಗೆ, ಅಂದ್ರೆ ಫೋಟೊಗೆ ಎಷ್ಟು ಬೆಳಕು ಬಿಡಬೇಕು ಅನ್ನೋದಕ್ಕೆ, ಫಿಲ್ಮ್ ರೀಲ್ ಕಾಲದ ಲೆಕ್ಕ ಈಗಲೂ ನಡೆಯುತ್ತದೆ. ಸ್ವಚ್ಛ ಬಿಸಿಲಿಗೆ ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಕಡಿಮೆಯಾದಷ್ಟು ದೊಡ್ಡದು) ಎಫ್ 16, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ (ಬೆಳಕು ಒಳಬಿಡುವ ಸಮಯ) 1/100 ಅಥವಾ 1/125 ಸೆಕೆಂಡ್. ಎಫ್ 8 ಮಾಡಿದರೆ ಬೆಳಕು ನಾಲ್ಕು ಪಟ್ಟು ಒಳಗೆ ಬರುತ್ತದೆ, ಶಟರ್ 1/500ಕ್ಕೆ ಏರಿಸಿ. ಬಿಸಿಲು ಇನ್ನೂ ಎಳೆಯದಾಗಿದ್ದರೆ ಒಂದು ಸ್ಟಾಪ್ ಜಾಸ್ತಿ ಕೊಡಿ, ಅಂದ್ರೆ ಬೆಳಕು ಎರಡರಷ್ಟು ಬಿಡಿ.

ಆಟೋ ಮೋಡ್ ಇಲ್ಲಿ ಮೋಸ ಹೋಗುತ್ತದೆ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಗುಮ್ಮಟ ಕಪ್ಪು ಬೂದು ಬಣ್ಣದ ಬಸಾಲ್ಟ್ ಕಲ್ಲಿನದು. ಫ್ರೇಮಿನ ತುಂಬ ಆ ಗೋಡೆಯೇ ಇದ್ದರೆ, ಕತ್ತಲಿದೆ ಅಂತ ತಿಳಿದು ಮೀಟರ್ (ಕ್ಯಾಮೆರಾದೊಳಗಿನ ಬೆಳಕಿನ ಅಳತೆಗಾರ) ಬೆಳಕು ಜಾಸ್ತಿ ಬಿಡುತ್ತದೆ. ಕಲ್ಲು ಬೂದಿ ಬಳಿದಂತೆ ಕಾಣುತ್ತದೆ, ಆಕಾಶ ಬಿಳಚಿಕೊಳ್ಳುತ್ತದೆ. ಮುಂದೆ ಬಿಳಿ ಧೋತರ, ಗಾಂಧಿ ಟೋಪಿಯ ಅಜ್ಜ ಒಬ್ಬರು ನಿಂತರಂತೂ ಮುಗೀತು, ಟೋಪಿಯ ಒಂದು ಮಡಿಕೆಯೂ ಉಳಿಯಲ್ಲ. ಉಪಾಯ ಸುಲಭ. ಬಿಸಿಲು ಬಿದ್ದ ಹುಲ್ಲಿನ ಮೇಲೆ ಅಳತೆ ತಗೊಳ್ಳಿ. ಮೀಟರ್ ಎಲ್ಲವನ್ನೂ ನಡು ಬೂದು ಅಂತ ಲೆಕ್ಕ ಹಿಡಿಯುತ್ತೆ ಅಲ್ವಾ, ಹಸಿರು ಹುಲ್ಲು ಅದಕ್ಕೆ ಹತ್ತಿರ. ಆ ಅಳತೆ ಬದಲಾಗದಂತೆ ಲಾಕ್ ಮಾಡಿ, ಆಮೇಲೆ ಗುಮ್ಮಟದ ಕಡೆ ತಿರುಗಿ. ಹೆಚ್ಚಿನ ಮೊಬೈಲ್‌ಗಳಲ್ಲಿ ಹುಲ್ಲಿನ ಮೇಲೆ ಬೆರಳು ಒತ್ತಿ ಹಿಡಿದರೆ ಲಾಕ್ ಆಗುತ್ತದೆ.

ಅಜ್ಜನ ಮುಖವೇ ಬೇಕಿದ್ದರೆ ಅವರನ್ನು ಒಂದು ಮಾತು ಕೇಳಿ, ಮರದ ನೆರಳಿನ ಅಂಚಿಗೆ ಕರೆದು ನಿಲ್ಲಿಸಿ. ಬಿಸಿಲಲ್ಲಿ ಕಣ್ಣು ಕಿರಿದು ಮಾಡುತ್ತಾರೆ. ನೆರಳಿಗೆ ಬರುವ ಬೆಳಕು ಹೆಚ್ಚಾಗಿ ನೀಲಿ ಆಕಾಶದ್ದು, ಮುಖಕ್ಕೂ ನೀಲಿ ಛಾಯೆ ಹತ್ತುತ್ತದೆ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಶೇಡ್‌ಗೆ ಇಟ್ಟರೆ ಸರಿಹೋಗುತ್ತದೆ.

ಪೋಲರೈಸರ್ ಫಿಲ್ಟರ್ (ಆಕಾಶದ ನೀಲಿ ಗಾಢವಾಗಿಸಲು ಲೆನ್ಸಿನ ಮುಂದೆ ಹಾಕುವ ಗಾಜು) ಇದ್ದವರಿಗೆ: ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಅದರ ಪರಿಣಾಮ ಜಾಸ್ತಿ. ಬೆಳಿಗ್ಗೆ ಹುಲ್ಲುಹಾಸಿನ ನೈಋತ್ಯ ಮೂಲೆಯಿಂದ ಗುಮ್ಮಟದ ಕಡೆ ನೋಡಿದರೆ ಆಕಾಶ ಗಾಢ ನೀಲಿಯಾಗುತ್ತದೆ. ತೀರಾ ಅಗಲದ ಲೆನ್ಸಿಗೆ ಮಾತ್ರ ಹಾಕಬೇಡಿ, ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಬರುತ್ತದೆ.