ಶಾರ್ಟ್ ಮಾಡಿದ ಕೂಡಲೇ ಬೆಲೆ ಏಕೆ ಜಿಗಿಯುತ್ತದೆ?

ಪ್ರಶ್ನೆ: ಮಾರುಕಟ್ಟೆ ಬೀಳುತ್ತಿರುವುದು ಚಾರ್ಟ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೂ ನಾನು ಶಾರ್ಟ್ ಮಾಡಿದಾಗಲೆಲ್ಲ (ಎರವಲು ಷೇರು ಮಾರಿ, ಬೆಲೆ ಇಳಿದಮೇಲೆ ಕೊಂಡು ತೀರಿಸಲು ಹೊರಟಾಗಲೆಲ್ಲ) ಬೆಲೆ ಮೇಲೆ ಜಿಗಿದು ಸ್ಟಾಪ್ ಲಾಸ್ (ನಷ್ಟ ಹೆಚ್ಚದಂತೆ ಹೊರಬರಲು ಮೊದಲೇ ಇಟ್ಟ ಬೆಲೆ) ಹಿಟ್ ಆಗುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ದಿಕ್ಕನ್ನು ನೀವು ಸರಿಯಾಗಿಯೇ ಹಿಡಿದಿರಬಹುದು, ಕೈಕೊಡುತ್ತಿರುವುದು ಹೊತ್ತು. ಉದ್ದನೆಯ ಕೆಂಪು ಕ್ಯಾಂಡಲ್ (ಬೆಲೆ ಜೋರಾಗಿ ಬಿದ್ದುದನ್ನು ತೋರುವ ಚಾರ್ಟ್‌ನ ಪಟ್ಟಿ) ಕಂಡಮೇಲೆ ಶಾರ್ಟ್ ಮಾಡುವವರೇ ಹೆಚ್ಚು. ಅಷ್ಟರಲ್ಲಿ ಗಾಬರಿಬಿದ್ದವರು ಮಾರಿ ಮುಗಿಸಿರುತ್ತಾರೆ, ಮೊದಲೇ ಶಾರ್ಟ್ ಮಾಡಿದವರು ಲಾಭ ಎತ್ತಿಕೊಳ್ಳಲು ವಾಪಸ್ ಕೊಳ್ಳತೊಡಗುತ್ತಾರೆ. ಬೆಲೆ ಜಿಗಿಯುವುದು ಆಗಲೇ.

ಈ ಜಿಗಿತ ಎಷ್ಟು ದೊಡ್ಡದಿರಬಹುದು ನೋಡಿ. 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದ ಅಮೆರಿಕದ ಷೇರು ಮಾರುಕಟ್ಟೆಯ ಡೌ ಜೋನ್ಸ್ ಸೂಚ್ಯಂಕ ನವೆಂಬರ್ ಮಧ್ಯಕ್ಕೆ 199ರ ಹತ್ತಿರ ಬಂದಿತ್ತು. ಮುಂದಿನ ಏಪ್ರಿಲ್‌ಗೆ ಅದು 294ಕ್ಕೆ ಏರಿತು. ಆಮೇಲೆ ಇಳಿಯುತ್ತಾ ಇಳಿಯುತ್ತಾ 1932ರ ಜುಲೈನಲ್ಲಿ 41ಕ್ಕೆ ತಲುಪಿತು. ಆ ನವೆಂಬರ್‌ನ ತಳದಲ್ಲಿ ಶಾರ್ಟ್ ಮಾಡಿದವರ ಲೆಕ್ಕಾಚಾರ ಕೊನೆಗೆ ಸರಿಯಾಯಿತು ನಿಜ, ಆದರೆ ನಡುವೆ ಶೇ. 48ರಷ್ಟು ಏರಿಕೆಯನ್ನು ತಡೆದುಕೊಳ್ಳಬೇಕಿತ್ತು. ಬಹುತೇಕರ ಬಂಡವಾಳ ಅಲ್ಲಿಯವರೆಗೆ ಉಳಿಯುವುದಿಲ್ಲ.

ಹಾಗಾಗಿ ಬಿದ್ದಾಗ ಮಾರಬೇಡಿ. ಬಿದ್ದದ್ದು ಮೇಲೆದ್ದು, ಆ ಏರಿಕೆ ಸೋಲುವ ಜಾಗಕ್ಕೆ ಕಾಯಿರಿ.

ಮೊದಲು ವಾರದ ಚಾರ್ಟ್ ತೆರೆಯಿರಿ. ಪ್ರತಿ ಶಿಖರ ಹಿಂದಿನದಕ್ಕಿಂತ ಕೆಳಗೆ, ಪ್ರತಿ ತಳವೂ ಹಿಂದಿನದಕ್ಕಿಂತ ಕೆಳಗೆ ಇದೆಯೇ? ದಿನದ ಚಾರ್ಟ್‌ನಲ್ಲಿ 200 ದಿನಗಳ ಮೂವಿಂಗ್ ಆವರೇಜ್ (ಕಳೆದ 200 ದಿನಗಳ ಸರಾಸರಿ ಬೆಲೆಯ ಗೆರೆ) ಕೆಳಮುಖವಾಗಿ, ಬೆಲೆ ಅದರ ಕೆಳಗಿದೆಯೇ? ಇಲ್ಲವಾದರೆ ಶಾರ್ಟ್‌ನ ಯೋಚನೆಯನ್ನೇ ಬಿಡಿ. ಇದ್ದರೆ, ಇತ್ತೀಚೆಗೆ ಮುರಿದ ಸಪೋರ್ಟ್ (ಬೀಳುವ ಬೆಲೆ ಹಿಂದೆ ತಡೆದು ನಿಂತ ಮಟ್ಟ) ಎಲ್ಲಿದೆ ಎಂದು ಗುರುತು ಹಾಕಿ. ಆ ಮಟ್ಟದಲ್ಲಿ ಕೊಂಡು ಸಿಕ್ಕಿಬಿದ್ದವರು 'ಹಾಕಿದ ದುಡ್ಡು ವಾಪಸ್ ಬಂದರೆ ಸಾಕು' ಎಂದು ಕಾಯುತ್ತಿರುತ್ತಾರೆ. ಬೆಲೆ ಅಲ್ಲಿಗೆ ಮರಳಿದಾಗ ಅವರೇ ಮಾರುತ್ತಾರೆ. ಹಳೆಯ ಸಪೋರ್ಟ್ ಹೊಸ ರೆಸಿಸ್ಟೆನ್ಸ್ (ಏರಿಕೆಯನ್ನು ತಡೆಯುವ ಮಟ್ಟ) ಆಗುವುದರ ಹಿಂದೆ ಇರುವುದು ಈ ನೋವು.

ಒಂದು ಲೆಕ್ಕ ಹಾಕೋಣ. 100ರ ಸಪೋರ್ಟ್ ಮುರಿದು ಬೆಲೆ 88ಕ್ಕೆ ಬಿತ್ತು. ಕಡಿಮೆ ವಾಲ್ಯೂಮ್‌ನಲ್ಲಿ (ಕೆಲವೇ ಷೇರುಗಳು ಕೈಬದಲಾಗುತ್ತಾ) 101ರವರೆಗೆ ಏರಿ, ದಿನದ ಕೊನೆಗೆ 97ರಲ್ಲಿ ನಿಂತಿತು. 97ರಲ್ಲಿ ಶಾರ್ಟ್, ಆ ಶಿಖರದ ಮೇಲೆ 102ಕ್ಕೆ ಸ್ಟಾಪ್ ಲಾಸ್. ಪ್ರತಿ ಷೇರಿಗೆ ನಷ್ಟದ ಮಿತಿ 5. ಬಂಡವಾಳ 1,00,000 ಇದ್ದು, ಒಂದು ಟ್ರೇಡ್‌ಗೆ ಶೇ. 1 ಮಾತ್ರ ಕಳೆದುಕೊಳ್ಳಲು ಸಿದ್ಧರಿದ್ದರೆ 200 ಷೇರು, ಅದಕ್ಕಿಂತ ಒಂದೂ ಹೆಚ್ಚಲ್ಲ. ಇದನ್ನೇ 88ರಲ್ಲಿ ಮಾರಿದ್ದರೆ ಸ್ಟಾಪ್ ಲಾಸ್ 14ರಷ್ಟು ದೂರ ಹೋಗುತ್ತಿತ್ತು.

ಆರ್‌ಎಸ್‌ಐ (ಏರಿಳಿತದ ವೇಗವನ್ನು 0ರಿಂದ 100ರ ನಡುವೆ ಅಳೆಯುವ ಸೂಚಕ) 30ರ ಕೆಳಗೆ ಬಂತು, ಬೆಲೆ ಅತಿಯಾಗಿ ಬಿದ್ದಿದೆ ಎಂದು ಕೊಳ್ಳಲು ಓಡಬೇಡಿ. ಜೋರಾದ ಕುಸಿತದಲ್ಲಿ ಅದು ವಾರಗಟ್ಟಲೆ ಅಲ್ಲೇ ಸುತ್ತಾಡಬಲ್ಲದು.

ಇನ್ನು ಚಾರ್ಟ್ ಹೇಳಲಾರದ ಅಪಾಯಗಳೂ ಇವೆ. ಷೇರು ಕೊಂಡವರು ಕಳೆದುಕೊಳ್ಳುವುದು ಹೆಚ್ಚೆಂದರೆ ಹಾಕಿದ ಹಣ, ಶಾರ್ಟ್ ಮಾಡಿದವರ ನಷ್ಟಕ್ಕೆ ಮೇಲ್ಮಿತಿಯೇ ಇಲ್ಲ. 2008ರ ಅಕ್ಟೋಬರ್‌ನಲ್ಲಿ, ಜಗತ್ತಿನ ಮಾರುಕಟ್ಟೆಗಳೆಲ್ಲ ಕುಸಿಯುತ್ತಿದ್ದಾಗಲೇ, ಫೋಕ್ಸ್‌ವ್ಯಾಗನ್ ಷೇರು ಎರಡೇ ವಹಿವಾಟಿನ ದಿನಗಳಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಜಿಗಿದು 1,000 ಯೂರೋ ದಾಟಿತು. ಕಂಪನಿಯ ಶೇ. 74ರಷ್ಟು ಪಾಲಿನ ಮೇಲೆ ತನ್ನ ಹಿಡಿತವಿದೆ ಎಂದು ಪೋರ್ಷೆ ವಾರಾಂತ್ಯದಲ್ಲಿ ಪ್ರಕಟಿಸಿತ್ತು, ಶಾರ್ಟ್ ಮಾಡಿದವರಿಗೆ ಕೊಳ್ಳಲು ಷೇರೇ ಸಿಗಲಿಲ್ಲ. ಇಂಥ ಗ್ಯಾಪ್‌ನಲ್ಲಿ (ನಡುವಿನ ಬೆಲೆಗಳನ್ನು ದಾಟಿ ಹಾರುವ ಜಿಗಿತದಲ್ಲಿ) ಸ್ಟಾಪ್ ಲಾಸ್ ನೀವು ಇಟ್ಟ ಬೆಲೆಗೆ ನಡೆಯುವುದಿಲ್ಲ. ಆದ್ದರಿಂದ ಹೊಸಬರು ಒಂದೊಂದು ಕಂಪನಿಯ ಷೇರಿಗಿಂತ ಸೂಚ್ಯಂಕದಲ್ಲೇ ವ್ಯವಹರಿಸುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಪುಟ್ ಆಪ್ಷನ್ (ಗೊತ್ತುಪಡಿಸಿದ ಬೆಲೆಗೆ ಮಾರುವ ಹಕ್ಕು) ಕೊಂಡರೆ ನಷ್ಟ ಪ್ರೀಮಿಯಂಗೆ, ಅಂದರೆ ಆ ಹಕ್ಕಿಗೆ ಕೊಟ್ಟ ಹಣಕ್ಕೆ, ಸೀಮಿತ. ಆದರೆ ಭಯ ಹೆಚ್ಚಿದಷ್ಟೂ ಪ್ರೀಮಿಯಂ ದುಬಾರಿ. ಅದನ್ನೂ ಏರಿಕೆ ಸುಸ್ತಾದಾಗಲೇ, ಭಯ ತುಸು ತಗ್ಗಿದಾಗಲೇ ಕೊಳ್ಳಿ.